ಅಪ್ಪನ ಕಾರಿನ ಸ್ಟೀರಿಂಗ್ ಕಳಚಿದ್ದು

ಕಳೆದ ಭಾನುವಾರ ಮಧ್ಯಾಹ್ನ, ಅಪ್ಪ ಉಂಡು ಮಲಗಿದ ಮೇಲೆ, ನಾನು ಮತ್ತು ನನ್ನ ತಮ್ಮ ಗಣಪತಿ ಸೇರಿ ಅಪ್ಪನ ಕಾರಿನ ಸ್ಟೀರಿಂಗ್ ಕದಿಯಲು ಹೊರಟೆವು.

ನಗಬೇಡಿ. ಬೇರೆ ದಾರಿ ಉಳಿದಿರಲಿಲ್ಲ.

ಶಿರಸಿ-ಯಲ್ಲಾಪುರ ರಸ್ತೆಯಲ್ಲಿ ಬಾಡಿಗೆ ಗಾಡಿ ಓಡಿಸಿ ನಮ್ಮಿಬ್ಬರನ್ನೂ ಓದಿಸಿದವರು ಅಪ್ಪ. ಈಗ ಎಂಬತ್ತರ ಹತ್ತಿರ. ಕಣ್ಣಿನ ನರ ಸೋತಿದೆ. ನೇರ ಎದುರಿಗಿರುವುದು ಕಾಣುತ್ತದೆ, ಪಕ್ಕದ್ದು ಕಾಣುವುದಿಲ್ಲ. ‘ಡ್ರೈವಿಂಗ್ ನಿಲ್ಲಿಸಿಬಿಡಿ’ ಎಂದರು ಡಾಕ್ಟರ್. ಅಪ್ಪ ವಿನಯದಿಂದ ತಲೆಯಾಡಿಸಿದರು. ಹೊರಗೆ ಬಂದು ಡ್ರೈವರ್ ಸೀಟಿನಲ್ಲಿ ಕೂತರು.

ಕೀ ಅಡಗಿಸಿಟ್ಟೆ. ಡೂಪ್ಲಿಕೇಟ್ ಇತ್ತು. ಬ್ಯಾಟರಿ ವಯರ್ ಕಳಚಿದೆ. ಅದನ್ನು ಸಿಕ್ಕಿಸಲು ಅವರಿಗೆ ಕಣ್ಣೇ ಬೇಕಿರಲಿಲ್ಲ. ಟೈರಿನ ಗಾಳಿ ಬಿಟ್ಟೆ. ಪಂಕ್ಚರ್ ಅಂಗಡಿಯವನನ್ನು ಮನೆಗೇ ಕರೆಸಿದರು. ಮಾರೋಣವೆಂದರೆ ಗಾಡಿ ಅವರ ಹೆಸರಿನಲ್ಲಿದೆ. ನನಗೋ ಶಾಲೆಯಲ್ಲಿ ಪಾಠ, ಮನೆಯಲ್ಲಿ ಅಡುಗೆ, ಮೇಲಿಂದ ಈ ಪೊಲೀಸ್ ಡ್ಯೂಟಿ. ಎಷ್ಟು ದಿನ ಅಂತ?

ಅಷ್ಟರಲ್ಲಿ ದಾಸನಕೊಪ್ಪದಿಂದ ಫೋನ್ ಬಂತು. ಅಲ್ಲಿ ಅಪ್ಪನ ಹಳೆಯ ಗೆಳೆಯರೊಬ್ಬರ ಚಹಾ ಅಂಗಡಿಯಿದೆ. ವಾರಕ್ಕೊಮ್ಮೆ ಅಪ್ಪನ ಸವಾರಿ ಅಲ್ಲಿಗೆ. ಆ ಗೆಳೆಯರೇ ಮಾತಾಡಿದರು: ‘ತಂಗಿ, ನಿಮ್ಮಪ್ಪನ ಗಾಡಿ ಮೈಮ್ಯಾಲೇ ಬಂತಂತ ಸೈಕಲ್ ಮ್ಯಾಲಿದ್ದ ಹುಡುಗಿ ಗಟಾರಕ್ಕ ಜಿಗಿದಾಳ. ಮೊಣಕೈ ತರಚೈತಿ. ಅಂವ ನಿಲ್ಲಿಸ್ಲೂ ಇಲ್ಲ.’

ಅಂದು ಅಪ್ಪ ಮನೆಗೆ ಬಂದು ನೆಮ್ಮದಿಯಿಂದ ಮಜ್ಜಿಗೆ ಕುಡಿದಿದ್ದರು. ಹುಡುಗಿಯ ವಿಷಯ ನಾನು ಎತ್ತಲಿಲ್ಲ. ಕೇಳಿ ಕುಸಿದುಬಿಟ್ಟರೆ? ಅದರ ಬದಲು ಸಿದ್ದಾಪುರದ ಕಡೆ ಮನ್ಮನೆಯಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ.

‘ಸ್ಟೀರಿಂಗೇ ತೆಗೆದುಬಿಡನ ಅಕ್ಕ. ಅದಿಲ್ದೆ ಹ್ಯಾಂಗೆ ಓಡಿಸ್ತ ನೋಡನ’ ಎಂದ.

ಗ್ಯಾರೇಜಿನವರನ್ನು ಕರೆಯುವಂತಿರಲಿಲ್ಲ. ಶಿರಸಿಯ ಮೆಕ್ಯಾನಿಕ್‌ಗಳೆಲ್ಲ ಅಪ್ಪನ ದೋಸ್ತರೇ. ಹಾಗಾಗಿ ನಾವೇ ಕೈ ಹಾಕಿದೆವು.

ಹಾರ್ನಿನ ಮುಚ್ಚಳ ಎದ್ದಿತು. ನಡುವಿನ ದೊಡ್ಡ ನಟ್ಟೂ ಬಂತು. (ಏರ್‌ಬ್ಯಾಗ್ ಬರುವುದಕ್ಕೂ ಮೊದಲಿನ ಗಾಡಿ, ಆ ಭಯವಿರಲಿಲ್ಲ.) ಸ್ಟೀರಿಂಗ್ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಮೊಬೈಲಿನ ವಿಡಿಯೋದಲ್ಲಿ ಯಾವನೋ ಪುಣ್ಯಾತ್ಮ ಒಮ್ಮೆ ಅಲ್ಲಾಡಿಸಿ, ಹಪ್ಪಳ ಎತ್ತಿದ ಹಾಗೆ ಎತ್ತಿಬಿಟ್ಟ. ನಾವು ತುಕ್ಕು ಬಿಡಿಸುವ ಎಣ್ಣೆ ಹೊಯ್ದು ಕಾದೆವು. ಆಚೀಚೆ ಅಲ್ಲಾಡಿಸಿದೆವು. ಡ್ಯಾಶ್‌ಬೋರ್ಡಿಗೆ ಕಾಲು ಕೊಟ್ಟು ಎಳೆದೆವು. ನನ್ನ ಸೆರಗಿಗೆ ಗ್ರೀಸ್ ಮೆತ್ತಿತು, ಸೊಂಟ ಹಿಡಿಯಿತು. ಕೊನೆಗೆ ತಮ್ಮ ಸುತ್ತಿಗೆ ತಂದ.

‘ಎಂತ ನಡೀತಾ ಇದ್ದು ಅಲ್ಲಿ?’

ಅಪ್ಪ ಜಗಲಿಯ ಕಂಬ ಹಿಡಿದು ನಿಂತಿದ್ದರು. ತಮ್ಮ ಸುತ್ತಿಗೆಯನ್ನು ಬೆನ್ನ ಹಿಂದೆ ಬಚ್ಚಿಟ್ಟ. ಐವತ್ತು ದಾಟಿದ ಗಂಡಸು!

ಅಪ್ಪ ಕಾರಿನ ಕಡೆ ನೋಡಿದರು, ಬಿಚ್ಚಿಟ್ಟ ಮುಚ್ಚಳ ನೋಡಿದರು. ಅರ್ಥವಾಯಿತು. ಸಿಟ್ಟೇರಿತು. ‘ಆನು ಇಷ್ಟು ವರ್ಷ ಗಾಡಿ ಓಡಿಸಿ ಒಬ್ಬರಿಗೂ ಮುಟ್ಟಿಸಿದ್ನಿಲ್ಲೆ! ನನ್ ಮೇಲೆ ನಿಂಗಕ್ಕೆ ನಂಬಿಕೆ ಇಲ್ಯ?’

ನನಗೂ ಸಾಕಾಗಿತ್ತು. ‘ಹಂಗಾರೆ ದಾಸನಕೊಪ್ಪದ ಕೂಸು ಗಟಾರಕ್ಕೆ ಬಿದ್ದದ್ದು ಎಂತಕ್ಕೆ?’ ಎಂದು ಕೂಗಿಯೇಬಿಟ್ಟೆ. (ನಮ್ಮ ಮಾತಿನಲ್ಲಿ ‘ಆನು’ ಎಂದರೆ ನಾನು, ‘ಕೂಸು’ ಎಂದರೆ ಹುಡುಗಿ.)

‘ಯಾವ ಕೂಸು?’

ಹೇಳಿದೆ. ಫೋನಿನಲ್ಲಿ ಕೇಳಿದ್ದಷ್ಟನ್ನೂ ಹೇಳಿದೆ. ಅಪ್ಪ ಕಂಬ ಬಿಟ್ಟು ಮೆಟ್ಟಿಲ ಮೇಲೆ ಕೂತರು.

‘ಆನು ಕಂಡಿದ್ನಿಲ್ಲೆ’ ಎಂದರು. ಮತ್ತೆ, ‘ಸೈಕಲ್ಲೂ ಕಂಡಿದ್ನಿಲ್ಲೆ.’

ನಾನು ಒಳಗೆ ಹೋಗಿ ನೀರು ತಂದುಕೊಟ್ಟೆ. ಕುಡಿದು, ಎದ್ದು, ಗೋಡೆ ಸವರುತ್ತ ಕಾರಿನ ಹತ್ತಿರ ಬಂದರು. ಸ್ಟೀರಿಂಗಿನ ನಡುವೆ ಕೈಯಾಡಿಸಿ ತಮ್ಮನನ್ನು ಕೇಳಿದರು, ‘ನಟ್ಟು ಪೂರಾ ತೆಗೆದ್ಯ? ವಾಪಸ್ ಹಾಕು. ತುದಿಗೆ ಸ್ವಲ್ಪ ಹಿಡ್ಕಂಡಿರ್ಲಿ. ಇಲ್ದಿದ್ರೆ ಕಿತ್ತು ಬಂದು ಮೊಖಕ್ಕೆ ಬಡಿತು.’

ತಮ್ಮ ನಟ್ಟು ಹಾಕಿದ. ಅಪ್ಪ ಸೀಟಿನಲ್ಲಿ ಕೂತು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದರು. ‘ಆನು ಎಳಿತೆ. ನೀನು ನಟ್ಟಿನ ಮೇಲೆ ಹೊಡಿ.’

ಹೊಡೆದ. ಇನ್ನೊಮ್ಮೆ ಹೊಡೆದ. ಅಪ್ಪನ ಕತ್ತಿನ ನರ ಉಬ್ಬಿತು. ಟಕ್ ಎಂದು ಸದ್ದಾಗಿ ಸ್ಟೀರಿಂಗ್ ಸಡಿಲಿತು.

ನಟ್ಟು ಬಿಚ್ಚಿ, ಸ್ಟೀರಿಂಗನ್ನು ತೊಡೆಯ ಮೇಲಿಟ್ಟುಕೊಂಡು ಅಪ್ಪ ಕೂತೇ ಇದ್ದರು. ನಾನು ಬೇರೆ ಕಡೆ ನೋಡಿದೆ. ಆಮೇಲೆ ತಮ್ಮನ ಕೈಗೆ ಕೊಟ್ಟರು. ‘ಮನ್ಮನೆಗೆ ತಗಂಡು ಹೋಗು. ಇಲ್ಲಿದ್ರೆ ಆನು ಮತ್ತೆ ಹಾಕ್ತೆ.’

ಬುಧವಾರ ನಾನು ರಜೆ ಹಾಕಬೇಕಾಯಿತು. ಆ ಹುಡುಗಿಯನ್ನು ನೋಡಲೇಬೇಕೆಂದು ಅಪ್ಪ ಹಟ ಹಿಡಿದಿದ್ದರು. ಬಸ್ಸಿನಲ್ಲಿ ಹೋದೆವು. ಹುಡುಗಿಯ ತಾಯಿ ‘ಬರ್ರಿ, ಕುಂದರ್ರಿ’ ಎಂದು ಚಾಪೆ ಹಾಸಿದರು. ಮೊಣಕೈಗೆ ಪಟ್ಟಿ ಕಟ್ಟಿಕೊಂಡ ಹುಡುಗಿ ಬಂದು ನಿಂತಳು. ಎಡಕ್ಕೆ ನಿಂತಿದ್ದಳು. ಅಪ್ಪ ಅವಳನ್ನು ನೋಡಲು ಕತ್ತು ಪೂರ್ತಿ ತಿರುಗಿಸಬೇಕಾಯಿತು.

‘ತಪ್ಪಾಯ್ತು ತಂಗಿ. ನಾನು ನಿನ್ನ ನೋಡ್ಲೇ ಇಲ್ಲ.’

‘ನಾ ನೋಡಿದ್ನಲ್ರಿ ಅಜ್ಜಾರ’ ಎಂದಳು ಹುಡುಗಿ, ಸಮಾಧಾನ ಹೇಳುವವಳಂತೆ. ‘ನಿಮ್ಮ ಗಾಡಿ ಬಂತಂದ್ರ ನಾವೆಲ್ಲಾರೂ ಸೈಕಲ್ ಇಳದು ಬಾಜೂಕ ನಿಂದರ್ತೀವಿ. ಅವತ್ತ ಇಳಿಯಾಕ ಆಗಲಿಲ್ಲ, ಅಷ್ಟ.’



ಮನೆಯ ಹಿರಿಯರಿಗೆ ಒಂದು ಮಾತು ಹೇಳಲು ನಮಗೆ ಸಂಕೋಚವೆಂದು, ಯಾರ ಮನೆಯ ಮಕ್ಕಳು ಗಟಾರಕ್ಕೆ ಹಾರಬೇಕು?