ತಡವಾಗಿ ಬರುವ ಸ್ವರ

ಟೀಚರಿಗೆ ಅನುಮಾನ ಹೊಸದೇನಲ್ಲ. "ಮನೇಲಿ ದಿನಾ ಅಭ್ಯಾಸ ಮಾಡಿದೀನಿ ಟೀಚರ್" ಎಂಬ ಮಾತನ್ನು ನಲವತ್ತು ವರ್ಷ ಕೇಳಿಸಿಕೊಂಡು ಪಿಯಾನೋ ಕಲಿಸಿದವರು ಯಾರನ್ನು ತಾನೇ ನಂಬುತ್ತಾರೆ? ಗೋಡೆ ಗಡಿಯಾರವನ್ನೂ ಅವರು ಕೈಗಡಿಯಾರ ನೋಡಿಯೇ ನಂಬುವುದು. ಆದರೆ ಆ ಮಂಗಳವಾರ ಸಂಜೆ ಬಂದ ಅನುಮಾನವೇ ಬೇರೆ.

ಪಿಯಾನೋ ಮುಂದೆ ಕೂತಿದ್ದವಳು ಎದುರು ಬೀದಿಯ ಕನ್ನಡಕದಂಗಡಿಯವಳು. ನಲವತ್ತು ದಾಟಿದ ಹೆಂಗಸು, ಆರು ವರ್ಷದಿಂದ ಕಲಿಯುತ್ತಿದ್ದಾಳೆ. ಟೀಚರಿಗೆ ಈಗ ಉಳಿದಿರುವ ಶಿಷ್ಯರಲ್ಲಿ ನಿಜವಾದ ಕಿವಿ ಇರುವುದು ಅವಳೊಬ್ಬಳಿಗೇ. ಬರುವ ಭಾನುವಾರ ಶಾಲೆಯ ಸಭಾಂಗಣದಲ್ಲಿ ಅವಳು ಒಂದು ವಾಲ್ಟ್ಸ್ ನುಡಿಸಬೇಕಿತ್ತು. ಮೂರು ಎಣಿಕೆಯ ಕುಣಿತದ ಧಾಟಿ, ನೂರೈವತ್ತು ವರ್ಷ ಹಳೆಯದು. ಬರೆದವನ ಹೆಸರು ಸಂಗೀತ ಓದಿದವರಿಗೂ ಚಟ್ಟನೆ ನೆನಪಾಗುವುದಿಲ್ಲ.

ಎಡಗೈ ಒಂದು, ಎರಡು, ಮೂರು ಎಂದು ತನ್ನ ಪಾಡಿಗೆ ಹೆಜ್ಜೆ ಹಾಕುತ್ತದೆ. ಬಲಗೈ ಹೇಳಬೇಕಾದದ್ದನ್ನು ಹೇಳದೆಯೇ ಹೊರಟವಳ ಹಾಗೆ ಮೆಲ್ಲಗೆ ಕೆಳಗಿಳಿಯುತ್ತದೆ. ನಡುವೆ ಒಂದಿಷ್ಟು ಹೊತ್ತು ರಾಗ ಮುಖ ಅರಳಿಸುತ್ತದೆ, ಆಮೇಲೆ ಮತ್ತೆ ಮೊದಲಿನ ಗಂಟುಮುಖ. ಹಾಗೆ ಮರಳುವಾಗ ಒಂದೇ ಒಂದು ಕಡೆ ಬಲಗೈ ಕೆಳಗಿನ ಸ್ವರದಿಂದ ತೀರ ಮೇಲಿನ ಸ್ವರಕ್ಕೆ ಜಿಗಿಯಬೇಕು. ಅಲ್ಲಿ ನಿಲ್ಲು ಎಂಬ ಗುರುತು ಅಚ್ಚಾದ ಸ್ವರಲಿಪಿಯಲ್ಲಿ ಇಲ್ಲ. ಇಲ್ಲವೆಂದ ಮೇಲೆ ನಿಲ್ಲಬಾರದು. ತಿರುಗಿ ನೋಡದೆ ನಡೆದುಬಿಡುವುದರಲ್ಲೇ ಆ ವಾಲ್ಟ್ಸ್‌ನ ದುಃಖವಿದೆ, ನಿಂತು ಕಣ್ಣೊರೆಸಿಕೊಂಡರೆ ಅದು ನಾಟಕ ಎಂದು ಟೀಚರು ಎಲ್ಲರಿಗೂ ಹೇಳಿಕೊಟ್ಟಿದ್ದಾರೆ.

ಕನ್ನಡಕದವಳು ಅಲ್ಲಿ ನಿಂತಳು. ಬಹಳವೇನಲ್ಲ, ಅರ್ಧ ಉಸಿರು. ಆಮೇಲೆ ಮೇಲಿನ ಸ್ವರ ಮುಟ್ಟಿದಳು.

ಆ ಅರ್ಧ ಉಸಿರು ಟೀಚರಿಗೆ ಚೆನ್ನಾಗಿ ಗೊತ್ತಿತ್ತು. ಅದು ಅವರ ತಂಗಿಯದು.

ಅದಕ್ಕೂ ಮೊದಲು ಅವರ ಅಮ್ಮನದು. ಅಮ್ಮ ಬಟ್ಟೆ ಹೊಲಿಯುವವಳು. ಯಾವ ಕಾಲದಲ್ಲೋ ಹೊಲಿಗೆ ಯಂತ್ರದ ಸೂಜಿ ಕಿರುಬೆರಳಿನಲ್ಲಿ ತೂರಿಕೊಂಡು ಹೋಗಿ, ಬೆರಳು ಕೊಕ್ಕೆಯಂತೆ ಬಾಗಿ ಹಾಗೆಯೇ ನಿಂತುಬಿಟ್ಟಿತ್ತು. ಮೇಲಿನ ಸ್ವರಕ್ಕೆ ಅದು ಎಟುಕುತ್ತಿರಲಿಲ್ಲ. ಇಡೀ ಕೈಯನ್ನೇ ಎತ್ತಿ ಅತ್ತ ಇಟ್ಟು ಪಕ್ಕದ ಬೆರಳಿನಿಂದ ಒತ್ತಬೇಕಿತ್ತು, ಅದಕ್ಕೆ ಅರ್ಧ ಉಸಿರಿನ ಹೊತ್ತು ಹಿಡಿಯುತ್ತಿತ್ತು. ಹೆಣ್ಣುಮಕ್ಕಳಿಬ್ಬರೂ ಅಮ್ಮನ ಪಕ್ಕ ಕೂತು, ಅಚ್ಚು ಓದಲು ಬರುವ ಮೊದಲೇ, ಆ ವಾಲ್ಟ್ಸ್ ಕಲಿತರು. ಮುಂದೆ ಅಚ್ಚು ಓದಲು ಬಂದಾಗ ಅಕ್ಕ, ಅಂದರೆ ಟೀಚರು, ಆ ತಡವನ್ನು ಕಿತ್ತೆಸೆದರು. ತಂಗಿ ಇಟ್ಟುಕೊಂಡಳು.

ಅಮ್ಮ ತೀರಿಕೊಂಡ ಮೇಲೆ ನೆಂಟರೆಲ್ಲ ಸೇರಿದ್ದ ದಿನ ತಂಗಿ ಅದನ್ನು ನುಡಿಸಿದಳು. ಅಕ್ಕ ಎಲ್ಲರೆದುರಿಗೆ, "ಅದು ಸಂಗೀತ ಅಲ್ಲ, ಅಮ್ಮನ ಸೊಟ್ಟ ಬೆರಳು" ಎಂದುಬಿಟ್ಟರು. ತಂಗಿ ಪಿಯಾನೋ ಮುಚ್ಚಿ ಹೊರಟುಹೋದಳು. ಊರಿನ ಸೇತುವೆಯಾಚೆ ಅವಳೂ ಪಿಯಾನೋ ಪಾಠ ಹೇಳುತ್ತಾಳೆ. ಹತ್ತೊಂಬತ್ತು ವರ್ಷದಿಂದ ಮಾತಿಲ್ಲ, ಕತೆಯಿಲ್ಲ.

ಈಗ ಆ ತಂಗಿ ಟೀಚರ ಕೊನೆಯ ಒಳ್ಳೆಯ ಶಿಷ್ಯೆಗೂ ಗಾಳ ಹಾಕಿದ್ದಾಳೆ! ಭಾನುವಾರ ಊರಿನವರ ಮುಂದೆ ಆ ತಡ ಕೇಳಿಸಿದರೆ, ಇಷ್ಟು ವರ್ಷ ತಾವು ಹೇಳಿಕೊಂಡು ಬಂದದ್ದಕ್ಕೆ ತಮ್ಮ ಶಿಷ್ಯೆಯೇ ಮಸಿ ಬಳಿದಂತೆ. ಅಂದು ಟೀಚರು ಎಂದಿನಂತೆ ಪಾಠ ಮುಗಿಸಿ ಅವಳನ್ನು ಕಳಿಸಿದರು. ಮರುದಿನದಿಂದ ಕಿಟಕಿಯ ಪರದೆ ಸರಿಸಿಕೊಂಡು, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು.

ಸಾಕ್ಷಿಗಳಿಗೇನೂ ಬರವಿರಲಿಲ್ಲ. ಅವಳ ಪುಸ್ತಕದಲ್ಲಿ ಆ ಜಾಗಕ್ಕೇ ನೀಲಿ ಪೆನ್ಸಿಲ್ ಗುರುತು. ಟೀಚರು ಬಳಸುವುದು ಕೆಂಪು. ಗುರುವಾರ ಮೂರು ಗಂಟೆಗೇ ಅಂಗಡಿಯ ಬಾಗಿಲು ಎಳೆದು ಅವಳು ಸೇತುವೆಯಾಚೆಯ ಬಸ್ಸು ಹತ್ತಿದಳು. ಅರವತ್ತನಾಲ್ಕು ವರ್ಷದ ಟೀಚರು ತಲೆಗೆ ಬಟ್ಟೆ ಸುತ್ತಿಕೊಂಡು ಹಿಂದಿನ ಬಾಗಿಲಿನಿಂದ ಅದೇ ಬಸ್ಸು ಹತ್ತಿದರು. ಕನ್ನಡಕದವಳು ಇಳಿದದ್ದು ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯ ಮುಂದೆ. ಹತ್ತು ನಿಮಿಷದಲ್ಲಿ ಒಂದು ಪೊಟ್ಟಣ ಹಿಡಿದು ಹೊರಗೆ ಬಂದಳು. ಬೇರೆ ಯಾರಾದರೂ ಇಷ್ಟಕ್ಕೆ ನಾಚಿಕೊಂಡು ಮನೆಗೆ ಹೋಗುತ್ತಿದ್ದರು. ಟೀಚರು ಕಾರ್ಖಾನೆಯ ಒಳಗೂ ಒಂದು ಪಿಯಾನೋ ಇರಬಹುದೇ ಎಂದು ಇಣುಕಿ ನೋಡಿಯೇ ಬಂದರು.

ಶುಕ್ರವಾರ ಪಾಠದಲ್ಲಿ ಮತ್ತೆ ಅದೇ ಜಾಗ, ಅದೇ ತಡ. ಟೀಚರು ಪುಸ್ತಕ ಮುಚ್ಚಿದರು.

"ಎಷ್ಟು ದಿನದಿಂದ ನಡೀತಿದೆ ಇದು?"

"ಯಾವುದು ಟೀಚರ್?"

"ನನ್ನ ತಂಗಿ ಹತ್ರ ಪಾಠಕ್ಕೆ ಹೋಗ್ತಿರೋದು. ಕಣ್ಣಿಗೆ ಮಣ್ಣೆರಚಬೇಡ. ಈ ತಡ ಅವಳನ್ನ ಬಿಟ್ರೆ ಯಾರಿಗೂ ಬರಲ್ಲ. ಭಾನುವಾರ ನೀನು ನುಡಿಸೋದು ಬೇಡ, ನಾಳೆಯಿಂದ ಇಲ್ಲಿಗೆ ಬರೋದೂ ಬೇಡ."

ಕನ್ನಡಕದವಳ ಮುಖ ಕೆಂಪಾಯಿತು. "ನಿಮಗೆ ತಂಗಿ ಇದಾರೆ ಅನ್ನೋದೇ ನನಗೆ ಗೊತ್ತಿಲ್ಲ. ನೀವು ನುಡಿಸಿದ ಹಾಗೇ ನುಡಿಸಿದೀನಿ."

"ನಾನು? ಅಲ್ಲಿ ನಿಲ್ತೀನಾ? ನಾನು?"

ಅವಳು ಚೀಲದಿಂದ ಫೋನ್ ತೆಗೆದಳು. "ಮನೇಲಿ ಕೇಳ್ಕೊಂಡು ಅಭ್ಯಾಸ ಮಾಡು ಅಂತ ಹೋದ ತಿಂಗಳು ನೀವೇ ನುಡಿಸಿ ರೆಕಾರ್ಡ್ ಮಾಡಿಸಿದ್ರಿ. ಕೇಳಿ. ನಿಮ್ಮ ತಡ ಇದೆಯಲ್ಲ, ಅಲ್ಲಿಗೆ ನಾನೇ ನೀಲಿ ಗುರುತು ಹಾಕ್ಕೊಂಡೆ."

ಫೋನಿನಲ್ಲಿ ವಾಲ್ಟ್ಸ್ ಶುರುವಾಯಿತು, ಮೇಲೆ ಟೀಚರದೇ ಒರಟು ದನಿ: ಒಂದು, ಎರಡು, ಮೂರು. ಆ ಜಾಗ ಬಂತು. ಬಾಯಿಯ ಎಣಿಕೆ ಸರಿಯಾಗಿಯೇ ನಡೆಯಿತು. ಕೈ ಮಾತ್ರ ಅರ್ಧ ಉಸಿರು ತಡವಾಗಿ ಮೇಲಿನ ಸ್ವರ ಮುಟ್ಟಿತು.

ಟೀಚರು ಮೊದಲು ಫೋನಿನ ಮೇಲೆ ಅನುಮಾನಪಟ್ಟರು. ಇನ್ನೊಮ್ಮೆ ಹಾಕಿಸಿದರು, ಮತ್ತೊಮ್ಮೆ ಹಾಕಿಸಿದರು. ಆಮೇಲೆ ತಾವೇ ಕೂತು ತಡವಿಲ್ಲದೆ ನುಡಿಸಲು ನೋಡಿದರು. ಕಿರುಬೆರಳು ನೆಟ್ಟಗೆ ಇತ್ತು, ಸ್ವರ ಸುಲಭವಾಗಿ ಎಟುಕುತ್ತಿತ್ತು. ಆದರೂ ಕೈ ಪೂರ್ತಿ ಎದ್ದು ಅತ್ತ ಹೋಗಿ ಕೂತು, ಪಕ್ಕದ ಬೆರಳು ಒತ್ತಿತು. ಅರವತ್ತನಾಲ್ಕು ವರ್ಷದ ತಮ್ಮ ಕೈಯನ್ನು ಅವರು ಅಂದೇ ಸರಿಯಾಗಿ ನೋಡಿದ್ದು. ಎಷ್ಟು ನಾಚಿಕೆಯಾಯಿತೆಂದರೆ ತಲೆ ಎತ್ತಲಾಗಲಿಲ್ಲ. ತಾವೂ ದಿನಾ ಮಾಡುತ್ತಿದ್ದುದಕ್ಕೇ ಒಡಹುಟ್ಟಿದವಳನ್ನು ಹತ್ತೊಂಬತ್ತು ವರ್ಷ ದೂರ ಇಟ್ಟಿದ್ದರು.

"ಭಾನುವಾರ ನೀನೇ ನುಡಿಸು. ಹೀಗೇ ನುಡಿಸು" ಎಂದವರೇ ಚಪ್ಪಲಿ ಮೆಟ್ಟಿಕೊಂಡರು.

ಸೇತುವೆಯಾಚೆಯ ಮನೆಯ ಬಾಗಿಲು ತೆರೆದ ತಂಗಿಯ ತಲೆ ಪೂರ್ತಿ ಬೆಳ್ಳಗಾಗಿತ್ತು. ಅಕ್ಕನನ್ನು ನೋಡಿ ಅವಳ ಕೈ ಬಾಗಿಲಿನ ಮೇಲೇ ನಿಂತಿತು.

"ಅಕ್ಕಾ... ಯಾರು ಹೋದ್ರು?"

"ಯಾರೂ ಹೋಗಿಲ್ಲ. ಪಿಯಾನೋ ಎಲ್ಲಿದೆ?"

ಟೀಚರು ನುಡಿಸಿದರು. ಆ ಜಾಗದಲ್ಲಿ ಕೈ ಎತ್ತಿದರು, ತಡವಾದರು, ಸ್ವರ ಮುಟ್ಟಿದರು. ಮುಂದಕ್ಕೆ ಹೋಗಲಾಗಲಿಲ್ಲ. "ಕೇಳಿದ್ಯಾ? ನಂದೂ ಹಾಗೇನೇ. ನನಗೆ ಇವತ್ತು ಗೊತ್ತಾಯ್ತು" ಎಂದರು.

"ನನಗೆ ಮೊದಲಿಂದಲೂ ಗೊತ್ತಿತ್ತು."

"ಗೊತ್ತಿತ್ತಾ? ಅವತ್ತು ಎಲ್ಲರ ಮುಂದೆ ನಾನು ಅಷ್ಟು ಅಂದಾಗ ಯಾಕೆ ಹೇಳಲಿಲ್ಲ? ಒಂದು ಮಾತು ಹೇಳಿದ್ರೆ ಮುಗೀತಿತ್ತಲ್ಲೇ!"

ತಂಗಿ ಹತ್ತಿರ ಬಂದು ಅಕ್ಕನ ಬಲಗೈ ಹಿಡಿದುಕೊಂಡಳು.

"ಹೇಳಿದ್ರೆ ನೀನು ತಿದ್ದಿಕೊಂಡುಬಿಡ್ತಿದ್ದೆ."