ಅರಿಷಿಣದ ಕೆಳಗಿನ ಮುಖ

ಆದೋನಿ ಆಂಧ್ರಕ್ಕ ಸೇರಿದ ಹೊಸದ್ರಾಗ ನನ್ನ ಎರಡೂ ಗಲ್ಲದ ಮ್ಯಾಲ, ಮೂಗಿಗೆ ಅಡ್ಡವಾಗಿ, ಕಪ್ಪು ಕಲಿ ಎದ್ವು. ಬಿಸಿಲಿಗೆ ಹೋದ್ರ ಉರಿ. ಮುಂಜಾನೆ ಎದ್ರ ಕೈಬೆರಳು ಮಡಚಾಕ ಬರ್ತಿರಲಿಲ್ಲ. ನಮ್ಮತ್ತಿ ಮೊದಲು ಬಂಗು ಅಂದ್ಲು. ಓಣಿ ಹೆಂಗಸ್ರು ದೊಡ್ಡ ರೋಗ ಅಂದ್ರು. ಕುಷ್ಠಕ್ಕ ನಮ್ಮ ಕಡಿ ಹಂಗ ಅನ್ನೋದು. ಊರ ಬಾಯಿಗೆ ಮುಚ್ಚಳ ಐತೇನು? ಅಷ್ಟಕ್ಕ ಹಾಲು ಕುಡಿಯೋ ಮಗಳನ್ನ ನನ್ನ ಎದಿಯಿಂದ ಬಿಡಿಸಿ ನಾದಿನಿ ಕೈಗೆ ಕೊಟ್ರು. ನನಗ ಹಿತ್ತಲದಾಗ ಹತ್ತಿಕಟಿಗಿ ಒಟ್ಟೋ ಕೋಣಿ. ಕೂಸು ಅಳೋದು ಕೇಳಿದ್ರ ನನ್ನ ಕುಬಸ ತೊಯ್ದು ಹೋಗ್ತಿತ್ತು.

ಹಿಂಗ ಎರಡು ತಿಂಗಳು ಆದಮ್ಯಾಲ ಬಳ್ಳಾರಿ ದವಾಖಾನಿಗೆ ಹೋಗ್ತೀನಿ ಅಂತ ಹಟ ಹಿಡಿದೆ. ಗಂಡ ರೈಲಿನ ರೊಕ್ಕ ಎಣಿಸಿ ಅವರವ್ವನ ಕೈಗೆ ಕೊಟ್ಟ. ಅತ್ತಿನೇ ಜತಿಗೆ ಬಂದ್ಲು. ರೈಲಿನಾಗ ಯಾರ ಕಣ್ಣಿಗೂ ಬೀಳಬಾರದಂತ ನನ್ನ ಮುಖಕ್ಕ ಗಟ್ಟಿಯಾಗಿ ಅರಿಷಿಣ ಬಳದಿದ್ಲು.

ಡಾಕ್ಟರಮ್ಮ ಮದ್ರಾಸ್ ಕಡೆಯೋರು, ನನಗಿಂತ ಕಪ್ಪು. ಮುಖ ತೊಳ್ಕೊಂಡು ಬಾ ಅಂತ ತೆಲುಗಿನಾಗ ಹೇಳಿದ್ರು. ಅತ್ತಿ ಅಡ್ಡ ಬಂದ್ಲು.

"ಅಯ್ಯೋ ಶಿವನ! ಮುತ್ತೈದಿ ಬರೇ ಮುಖದಾಗ ಇದ್ರ ನನ್ನ ಮಗನಿಗೆ ಕೇಡು. ಹಿಂಗ ನೋಡ್ರಿ."

ನನಗ ಪಿತ್ತ ನೆತ್ತಿಗೇರಿತು. "ನಿಮ್ಮ ಮಗನ ಆಯುಷ್ಯ ನನ್ನ ಗಲ್ಲಕ್ಕ ಮೆತ್ತಿ ಇಟ್ಟೀರೇನು?" ಅಂದು ಅಂಗಳದ ನಳಕ್ಕ ಹೋಗಿ ತಿಕ್ಕಿ ತಿಕ್ಕಿ ತೊಳದೆ.

ಡಾಕ್ಟರಮ್ಮ ಕಲಿಗೆ ಸೂಜಿ ಮುಟ್ಟಿಸಿದ್ರು, ಚುರ್ ಅಂತು. ಕುಷ್ಠ ಆಗಿದ್ರ ಚುಚ್ಚಿದ್ದು ಗೊತ್ತಾಗಂಗಿಲ್ಲಂತ. ರಕ್ತ ತಗೊಂಡ್ರು. ಪರೀಕ್ಷಿ ಮುಗಿಯೋಮಟ ಛತ್ರದಾಗ ಉಳಿದ್ವಿ.

"ಕುಷ್ಠ ಅಲ್ಲಮ್ಮ, ಲೂಪಸ್ ಅಂತ, ಚರ್ಮ, ಕೀಲು ಹಿಡಿಯೋ ರೋಗ. ಯಾರಿಗೂ ಹತ್ತಂಗಿಲ್ಲ," ಅಂದ್ರು. ದಪ್ಪ ಬುಕ್ಕು ತೆಗೆದು ಒಬ್ಬ ಬಿಳಿ ಹೆಂಗಸಿನ ಚಿತ್ರ ತೋರಿಸಿದ್ರು. "ಬಿಳಿಯರಿಗೆ ಹಿಂಗ ಕೆಂಪಾಗತೈತಿ, ನಮ್ಮಂಥಾ ಮೈಬಣ್ಣಕ್ಕ ಕಪ್ಪಾಗತೈತಿ. ಒಂದೊಂದು ಸೀಮಿ ಜನಕ್ಕ ಒಂದೊಂದು ಥರ. ಕೆಲವರಿಗೆ ಚರ್ಮಕ್ಕ, ಕೆಲವರಿಗೆ ಕಿಡ್ನಿಗೇ ಇಳೀತೈತಿ. ನಮ್ಮೋರ ಚಿತ್ರ ಮಾತ್ರ ಬುಕ್ಕಿನಾಗ ಇಲ್ಲ."

"ನನ್ನದು ಹಾಕ್ರಿ ಮತ್ತ," ಅಂದೆ. ಅವರು ನಕ್ಕು, ಆಮ್ಯಾಲ ನಗು ನಿಲ್ಲಿಸಿ, ಇದು ಪೂರ್ತಿ ಗುಣ ಆಗೋ ರೋಗ ಅಲ್ಲ, ಬಿಸಿಲಿಗೆ ಹೋಗಬ್ಯಾಡ, ಗುಳಿಗಿ ಬಿಡಬ್ಯಾಡ ಅಂದ್ರು.

"ಮಗಳನ್ನ ಎತ್ಕೋಬೌದೇನ್ರಿ?"

"ಹೋದ ತಕ್ಷಣ ಎತ್ಕೋ."

ಆದೋನಿಗೆ ಬಂದಾಗ ಓಣಿ ಹೆಂಗಸ್ರೆಲ್ಲ ಕಟ್ಟಿಮ್ಯಾಲ ಕುಂತಿದ್ರು. ಚೂರು ಅರಿಷಿಣನಾರ ಹಚ್ಕೊಂಡು ಒಳಗ ನಡಿ ಅಂತ ಅತ್ತಿ ಸೆರಗು ಜಗ್ಗಿದ್ಲು. ನಾ ಯಾಕ ಹಚ್ಕೊಳ್ಳಲಿ? ಕಪ್ಪು ಗಲ್ಲ ಎಲ್ಲರಿಗೂ ಕಾಣೋಹಂಗ ತಲಿ ಎತ್ತಿ ಒಳಗ ಹೋದೆ, ನಾದಿನಿ ತೊಡಿಮ್ಯಾಲಿಂದ ಮಗಳನ್ನ ಎತ್ತಿಕೊಂಡೆ. ಕೂಸಿಗೆ ನನ್ನ ಗುರುತು ಹತ್ತಲಿಲ್ಲ. ಚಿಟ್ಟನೆ ಚೀರಿ ನಾದಿನಿ ಕಡಿಗೇ ಕೈ ಚಾಚಿತು. ಎಲ್ಲರೂ ಬಾಗಿಲದಾಗ ನಿಂತು ನೋಡ್ತಿದ್ರು. ನಾ ಕೈ ಸಡಿಲ ಬಿಡಲಿಲ್ಲ.

"ಅಳವ್ವ, ಎಷ್ಟು ಅಳತಿ ಅಳು," ಅಂದೆ. "ನಿನ್ನ ಬಿಡೋ ತಾಯಿ ನಾನಲ್ಲ."