ಬುಡ ತುದಿಯಾದ ಬಿಲ್ಲು

‘ಇನ್ ಮ್ಯಾಕೆ ನೀನು ಯಾರ ಬಿಲ್ನೂ ಎರವಲು ಈಸ್ಕಳಂಗಿಲ್ಲ ಕಣಮ್ಮಿ. ನಾನು ಕಟ್ಕೊಡ್ತೀನಿ.’

ಏಳು ವರ್ಷದ ಹಿಂದೆ ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಮಲ್ಲಾಜಮ್ಮ ತಮ್ಮನ ಮಗಳು ಮಧುಶ್ರೀಗೆ ಕೊಟ್ಟ ಮಾತಿದು. ಹುಡುಗಿಗೆ ಆಗ ಹತ್ತು ವರ್ಷ. ಬಿಲ್ಲುಗಾರಿಕೆ ಪಂದ್ಯದ ನಡುವೆಯೇ ಬಿಲ್ಲಿನ ಒಡೆಯರು ಬಂದು, ನಮ್ಮ ಮಗುವಿಗೆ ಬೇಕು ಎಂದು ಅವಳ ಕೈಯಿಂದ ಅದನ್ನು ತೆಗೆದುಕೊಂಡು ಹೋಗಿದ್ದರು. ಮಿಕ್ಕ ಬಾಣಗಳನ್ನು ಬೆನ್ನಿಗೆ ಹಾಕಿಕೊಂಡು ಅಳುತ್ತ ಬಸ್ಸಿಳಿದವಳಿಗೆ ಅತ್ತೆ ಹೀಗೆ ಸಮಾಧಾನ ಹೇಳಿದರು. ಬಿಲ್ಲು ಕಟ್ಟುವುದು ಹೇಗೆಂದು ಅತ್ತೆಗೂ ಆಗ ಗೊತ್ತಿರಲಿಲ್ಲ. ಬಿದಿರಲ್ಲಿ ಮೊರ ಹೆಣೆಯುವುದು ಗೊತ್ತಿತ್ತು, ಮಂಕರಿ ಬುಟ್ಟಿ ಗೊತ್ತಿತ್ತು, ಅಷ್ಟೆ.

ಈಗ ಶುಕ್ರವಾರದ ಮುಂಜಾನೆ. ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಇಳಿದ ಮಂಜು ಊಟಿ ರಸ್ತೆಯ ಮೇಲೆ ಇನ್ನೂ ಮಲಗಿದೆ. ತರಕಾರಿ ಹೊತ್ತ ಕೇರಳದ ಲಾರಿಗಳು ದೀಪ ಹಾಕಿಕೊಂಡೇ ಹೋಗುತ್ತಿವೆ. ರಸ್ತೆ ಬದಿಯ ತಗಡಿನ ಶೆಡ್ಡಿನಲ್ಲಿ ಮಲ್ಲಾಜಮ್ಮ ಕುಕ್ಕರಗಾಲಲ್ಲಿ ಕೂತು ಮರದ ಅಚ್ಚಿನ ಸುತ್ತ ಬಿಗಿದ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಒಳಗಿನಿಂದ ಹೊಸ ಬಿಲ್ಲು ಹೊರಬರುತ್ತದೆ. ಭಾನುವಾರ ಚಾಮರಾಜನಗರದ ಮೈದಾನದಲ್ಲಿ ತರಬೇತಿ ಶಿಬಿರಕ್ಕೆ ಆಯ್ಕೆ ಇದೆ. ಮಧುಶ್ರೀ ಈ ಬಿಲ್ಲು ಹಿಡಿದು ಅಲ್ಲಿ ನಿಲ್ಲಬೇಕು. ಅವಳ ಹಳೆಯ ಬಿಲ್ಲು ಚಿಕ್ಕಂದಿನದು, ಈಗಿನ ತೋಳಿಗೆ ಅದು ಆಟಿಕೆ.

ಮಲ್ಲಾಜಮ್ಮ ಹೆದೆ ಏರಿಸಿ ಮೆಲ್ಲಗೆ ಎಳೆಯುತ್ತಾರೆ. ಬಿಲ್ಲಿನ ಮೇಲಿನ ಕೈ, ಅಂದರೆ ಹಿಡಿಯಿಂದ ಮೇಲಿನ ಅರ್ಧ, ಭತ್ತದ ತೆನೆಯ ಹಾಗೆ ಬುಡದಿಂದ ತುದಿಯವರೆಗೆ ಚೆಂದವಾಗಿ ಬಾಗುತ್ತದೆ. ಕೆಳಗಿನ ಕೈ ಹಿಡಿಯ ಹತ್ತಿರ ಮೊಣಕೈ ಮಡಿಸಿದಂತೆ ಮಡಿಚಿಕೊಳ್ಳುತ್ತದೆ. ಅದರ ತುದಿ ಸೆಟೆದ ಕೋಲಿನಂತೆ ಅಲ್ಲಾಡದೆ ನಿಂತಿದೆ.

‘ಲೋ ರಂಗ, ಬಾರ್ಲಾ ಇಲ್ಲಿ!’

ಹಲ್ಲುಜ್ಜುತ್ತಿದ್ದ ತಮ್ಮ ರಂಗರಾಜು ಬಾಯಿ ತುಂಬ ನೊರೆಯೊಂದಿಗೇ ಓಡಿಬರುತ್ತಾರೆ. ಅಕ್ಕ ಬಿಲ್ಲಿನ ಮಗ್ಗುಲನ್ನು ಬೆಳಕಿಗೆ ಹಿಡಿದಿದ್ದಾರೆ. ಹೊರಗೊಂದು ಒಳಗೊಂದು ಕಪ್ಪು ಫೈಬರ್ ಪಟ್ಟಿ, ನಡುವೆ ಅಂಟಿಸಿದ ಎರಡು ಬಿದಿರ ದಬ್ಬೆ. ಹಿಡಿಯ ಕಡೆ ದಪ್ಪಗಿದ್ದು ತುದಿಗೆ ಹೋದಂತೆ ತೆಳುವಾಗಬೇಕಾದ ದಬ್ಬೆಗಳಲ್ಲಿ ಒಂದು ತಿರುಗಿ ಕೂತಿದೆ. ಅದರ ತೆಳು ತುದಿ ಹಿಡಿಯ ಕಡೆಗೆ, ದಪ್ಪ ಬುಡ ಬಿಲ್ಲಿನ ತುದಿಯ ಕಡೆಗೆ.

‘ನನ್ ಕೈಗಿಷ್ಟು ಬೆಂಕಿ ಬೀಳ! ಮಂಕರಿ ಹಾಸ್ದಂಗೆ ಹಾಸ್ಬುಟ್ಟಿವ್ನಿ ಕಣ್ಲಾ.’

ಈ ತಪ್ಪು ಮೇದರ ಮನೆಯವರಿಗಲ್ಲದೆ ಬೇರೆಯವರಿಗೆ ಬರುವುದು ಕಷ್ಟ. ಮೊರವಾಗಲಿ ಮಂಕರಿಯಾಗಲಿ, ದಬ್ಬೆ ಹಾಸುವಾಗ ಒಂದರ ಬುಡದ ಜೊತೆಗೆ ಇನ್ನೊಂದರ ತುದಿ ಬರಬೇಕೆಂದು ಮಲ್ಲಾಜಮ್ಮನ ಅವ್ವ ಕೈಮೇಲೆ ಹೊಡೆದು ಕಲಿಸಿದ್ದರು. ಹಾಗೆ ಹಾಸಿದರೇ ಎಲ್ಲ ಕಡೆ ಒಂದೇ ಸಮ. ಬಿಲ್ಲಿಗೆ ಸಮ ಬೇಡ. ಅಲ್ಲಿ ಎರಡು ಬುಡವೂ ಹಿಡಿಯ ಕಡೆಗೇ ಕೂರಬೇಕು. ಅಂಟು ಕಲಸಿದ ಮೇಲೆ ಬೇಗ ಬಿಗಿಯುತ್ತದೆಂದು ಮೇಲಿನ ಕೈಯನ್ನು ತಮ್ಮ, ಕೆಳಗಿನದನ್ನು ಅಕ್ಕ ಒಟ್ಟಿಗೇ ಹಾಸುತ್ತಾರೆ. ಆ ಆತುರದಲ್ಲಿ ಅವ್ವ ಕಲಿಸಿದ್ದನ್ನು ಕೈ ತನ್ನಷ್ಟಕ್ಕೆ ಮಾಡಿಬಿಟ್ಟಿದೆ.

ಕುದೇರಿಗೆ ಮದುವೆಯಾಗಿ ಹೋದ ಮಲ್ಲಾಜಮ್ಮ ಅಲ್ಲಿಂದಲೇ ರೇಷ್ಮೆ ಸಾಕುವ ಮನೆಗಳಿಗೆ ಚಂದ್ರಿಕೆ ಹೆಣೆದು ಕೊಡುತ್ತಿದ್ದರು. ಹಣ್ಣಾದ ಹುಳ ಗೂಡು ಕಟ್ಟುವುದು ಆ ಬಿದಿರ ತಟ್ಟೆಯ ಮೇಲೆ. ಪ್ಲಾಸ್ಟಿಕ್ ಚಂದ್ರಿಕೆ ಬಂತು, ಪ್ಲಾಸ್ಟಿಕ್ ಬುಟ್ಟಿ ಬಂತು, ಕೇಳುವವರು ಇಲ್ಲವಾದರು. ಕೈಯಲ್ಲಿ ಕಸುಬಿದ್ದೂ ಸುಮ್ಮನೆ ಕೂತ ಆ ದಿನಗಳನ್ನು ಅವರು ಹಸಿವಿಗಿಂತ ಕೆಟ್ಟದ್ದು ಎನ್ನುತ್ತಾರೆ. ಅಷ್ಟರಲ್ಲಿ ಕೋಯಿಕ್ಕೋಡಿನಲ್ಲಿ ಫೈಬರ್ ದೋಣಿ ಮಾಡುವ, ಅಲ್ಲಿನವರು ಆಶಾನ್ ಎನ್ನುವ ಗುರುವೊಬ್ಬರ ಕೈಕೆಳಗೆ ಪಳಗಿದ ರಂಗರಾಜು ಊರಿಗೆ ಮರಳಿ, ಲಾರಿ ಬಂಪರ್, ನೀರಿನ ಟ್ಯಾಂಕು ರಿಪೇರಿಗೆಂದು ಈ ಶೆಡ್ಡು ಹಾಕಿದರು. ಗಂಡ ಮಾದಣ್ಣನನ್ನು ಒಪ್ಪಿಸಿ ಅಕ್ಕನೂ ಬಂದು ಸೇರಿದರು. ತಮ್ಮನ ಫೈಬರ್, ಅಕ್ಕನ ಬಿದಿರು. ಮೊದಲ ಬಿಲ್ಲುಗಳು ಪಟಪಟ ಮುರಿದವು. ಒಂದು ರಂಗರಾಜುವಿನ ಹುಬ್ಬು ಸೀಳಿತು. ಈಗ ತಿಂಗಳಿಗೆ ಮೂರು ಬಿಲ್ಲು ಇಲ್ಲಿಂದ ಹೊರಡುತ್ತವೆ. ಕೊಳ್ಳೇಗಾಲ, ನಂಜನಗೂಡಿನ ಮಕ್ಕಳೂ ಇವನ್ನೇ ಎಳೆಯುತ್ತಾರೆ. ಯಾವ ಬಿಲ್ಲಿನ ಮೇಲೂ ಕಟ್ಟಿದವರ ಹೆಸರಿಲ್ಲ.

‘ತುದೀನ ಎರಡು ಮಗ್ಲುಗೂ ಉಜ್ಜಿ ಸಣ್ಣ ಮಾಡ್ಬುಡಕ್ಕ, ಬಗ್ಗುತ್ತದ’ ಎಂದು ರಂಗರಾಜು ಸುಲಭದ ದಾರಿ ಹೇಳುತ್ತಾರೆ.

‘ಬಗ್ಗುತ್ತದ, ಬಾಣ ಓಯ್ತದಾ? ಕಾಗೆ ಓಡ್ಸಕಾ ಇದು?’

ಅಲ್ಲಿಗೆ ತೀರ್ಮಾನವಾಯಿತು. ಮಲ್ಲಾಜಮ್ಮ ಕೈಗೆ, ಕುತ್ತಿಗೆಗೆ ಕೊಬ್ಬರಿ ಎಣ್ಣೆ ಬಳಿದುಕೊಳ್ಳುತ್ತಾರೆ. ಫೈಬರ್ ಪುಡಿ ಮೈಗೆ ಕೂತರೆ ಸುಣಗದ ಕಾಯಿ ತಗುಲಿದಂತೆ ನವೆ. ಮುಖಕ್ಕೆ ಬಟ್ಟೆ, ಕಣ್ಣಿಗೆ ಕನ್ನಡಕ. ಗ್ರೈಂಡರ್ ಕಿರುಚುತ್ತದೆ, ಕೆಳಗಿನ ಕೈಯ ಒಳಪಟ್ಟಿ ಹೊಗೆಯಂತೆ ಹಾರುತ್ತದೆ. ಬಿದಿರು ಕಂಡ ಕೂಡಲೇ ಯಂತ್ರ ನಿಲ್ಲುತ್ತದೆ. ಅಲ್ಲಿಂದ ಮುಂದೆ ಉಜ್ಜುಗೊರಡು. ತಿರುಗಿ ಕೂತ ದಬ್ಬೆಯನ್ನು ಅವರು ಎಳೆ ಎಳೆಯಾಗಿ ಹೆರೆದು ತೆಗೆಯುತ್ತಾರೆ. ಅದರಡಿಯ ಒಳ್ಳೆಯ ದಬ್ಬೆಗೆ ಒಂದು ಗೀರೂ ಬೀಳಕೂಡದು. ಮಧ್ಯಾಹ್ನದ ಊಟಕ್ಕೆ ಕರೆದರೆ ‘ಬತ್ತೀನಿ’ ಎನ್ನುತ್ತಾರೆ, ಏಳುವುದಿಲ್ಲ.

ಹೊಸ ದಬ್ಬೆಯ ಬುಡಕ್ಕೆ ಈ ಸಲ ಅರಿಶಿನದ ಬೊಟ್ಟು ಇಟ್ಟಿದ್ದಾರೆ. ಬೊಟ್ಟು ಹಿಡಿಯ ಕಡೆಗೆ. ಅದರ ಮೇಲೆ ಹೊಸ ಫೈಬರ್ ಪಟ್ಟಿ, ಹಳೆಯದಕ್ಕೆ ಹಿಡಿಯ ಹತ್ತಿರ ಓರೆಯಾಗಿ ಕೂಡುವಂತೆ. ‘ನೋಡ್ಲಾ ಇನ್ನೊಂದ್ ಸತಿ’ ಎಂದು ತಮ್ಮನಿಗೂ ತೋರಿಸಿ, ಅಂಟು ಬಳಿದು, ಟ್ಯೂಬು ಬಿಗಿಯುತ್ತಾರೆ. ಆಗ ಶುಕ್ರವಾರದ ಹೊತ್ತು ಮುಳುಗುತ್ತಿದೆ.

ಇನ್ನೊಂದು ತೊಡಕು ಉಳಿದಿದೆ. ಗುಂಡ್ಲುಪೇಟೆಯ ಈ ಥಂಡಿಯಲ್ಲಿ ಅಂಟು ಪೂರ್ತಿ ಗಟ್ಟಿಯಾಗಲು ವಾರ ಬೇಕು. ಭಾನುವಾರದೊಳಗೆ ಆಗಬೇಕೆಂದರೆ ಹದವಾದ ಬಿಸಿ ಬೇಕು. ಮಲ್ಲಾಜಮ್ಮನಿಗೆ ನೆನಪಾಗುವುದು, ಹಿಂದೆ ತಮ್ಮಿಂದ ಬುಟ್ಟಿ ಕೊಳ್ಳುತ್ತಿದ್ದ, ಚಾಮರಾಜನಗರದ ಹೊರವಲಯದಲ್ಲಿ ರೇಷ್ಮೆ ನೂಲು ತೆಗೆಸುವ ಕರಿಬಸವಯ್ಯ. ಅವರಲ್ಲಿ ಗೂಡು ಒಣಗಿಸುವ ಬಿಸಿಗಾಳಿ ಕೋಣೆ ಇದೆ.

ಶನಿವಾರ ಬೆಳಗ್ಗೆ ಅಚ್ಚನ್ನು ಹಳೆ ಸೀರೆಯಲ್ಲಿ ಸುತ್ತಿಕೊಂಡು ಅತ್ತೆ, ಸೊಸೆ ಬಸ್ಸು ಹತ್ತುತ್ತಾರೆ. ಕಂಡಕ್ಟರ್ ಉದ್ದನೆಯ ಗಂಟನ್ನು ಸಂಶಯದಿಂದ ನೋಡುತ್ತಾನೆ.

‘ನಿಮಗೆ ಫ್ರೀ ಕಣಮ್ಮ. ಇದುಕ್ಕೆ ಲಗೇಜು.’

‘ಇದೂ ಎಂಗಸ್ರುದೇ ಕಣಣ್ಣ.’

‘ಅಂಗಾರೆ ಇದರ ಆಧಾರ್ ಕಾರ್ಡ್ ತೋರ್ಸಿ!’

ಇಡೀ ಬಸ್ಸು ನಗುತ್ತದೆ. ಲಗೇಜ್ ಟಿಕೆಟ್ ಹರಿದೇ ಹರಿಯುತ್ತಾನೆ. ಇಳಿಯುವಾಗ ಗಂಟಿನ ಇನ್ನೊಂದು ತುದಿಗೆ ತಾನೇ ಕೈ ಕೊಡುತ್ತಾನೆ.

ಕರಿಬಸವಯ್ಯ ವರಾಂಡದಲ್ಲಿ ಪೇಪರ್ ಓದುತ್ತಿದ್ದಾರೆ. ‘ಏನ್ ಮಲ್ಲಾಜಮ್ಮ, ಪ್ಲಾಸ್ಟಿಕ್ ಬಂದ್ಮೇಲೆ ನನ್ನ ಮರ್ತ್ರಿ ಅಂತ ಬಯ್ಯೋಕೆ ಬಂದ್ಯಾ?’

‘ಬಯ್ಯೋದು ಆಮೇಲೆ ಸಾವ್ಕಾರ್ರೆ. ಮೊದ್ಲು ಈ ಬಿಲ್ಲು ಒಣಗ್ಸಕೆ ನಿಮ್ ಕೋಣೆ ಬೇಕು.’

‘ಹುಳ ಸಾಯ್ಸೋ ಕೋಣೇಲಿ ಬಿಲ್ಲು ಬೇಯಿಸ್ತೀಯಾ? ಒಳ್ಳೆ ಕತೆ!’ ಎನ್ನುತ್ತಲೇ ಅವರು ಎದ್ದು ಬಾಗಿಲು ತೆರೆಸುತ್ತಾರೆ.

‘ಈಗ್ಲೇ ಬ್ಯಾಡಿ. ಗೂಡಿಗೆ ಮೊದ್ಲು ಕೊಡೋ ಬಿಸಿಗೆ ಅಂಟು ಮೆತ್ತಗಾಗ್ಬುಡ್ತದ. ಬಿಸಿ ಒಸಿ ಇಳೀಲಿ.’

ಬಿಸಿ ಇಳಿಯುವವರೆಗೆ ಕಾದು ಅಚ್ಚನ್ನು ಒಳಗಿಡುತ್ತಾರೆ. ದಿನವಿಡೀ ಮಲ್ಲಾಜಮ್ಮ ಬಾಗಿಲ ಬಳಿಯಿಂದ ಕದಲುವುದಿಲ್ಲ. ಸಂಜೆ ಹೊರತೆಗೆದು, ಆರಲು ಬಿಟ್ಟು, ಅಂಟಿನ ಅಂಚಿಗೆ ಉಗುರು ಊರುತ್ತಾರೆ. ಗುರುತು ಮೂಡುವುದಿಲ್ಲ. ಹೆದೆ ಏರಿಸಿ ಎಳೆಯುತ್ತಾರೆ. ಎರಡು ಕೈಯೂ ಒಂದೇ ಪೈರಿನ ಎರಡು ತೆನೆಗಳ ಹಾಗೆ ಬಾಗುತ್ತವೆ. ‘ಅತ್ತೇ!’ ಎಂದು ಮಧುಶ್ರೀ ಕುಣಿದೇ ಬಿಡುತ್ತಾಳೆ. ಓರೆಜೋಡಣೆಯ ಮೇಲೆ ದಾರ ಬಿಗಿದು ವಾರ್ನಿಶ್ ಬಳಿಯುವುದಷ್ಟೇ ಬಾಕಿ.

ಭಾನುವಾರ ಮೈದಾನದಲ್ಲಿ ಮಧುಶ್ರೀಯ ಮೊದಲ ಬಾಣ ಗುರಿಹಲಗೆಯ ನಡುವಿನ ಹಳದಿ ವೃತ್ತದ ಅಂಚಿಗೆ ನೆಡುತ್ತದೆ. ಎರಡನೆಯದು ಇನ್ನೂ ಒಳಕ್ಕೆ. ಮೂರನೆಯದನ್ನು ಎಳೆಯುವಾಗ ‘ಟಿಕ್’ ಎಂದು ಸದ್ದು.

‘ನಿಲ್ಸು!’ ಎಂದು ತರಬೇತುದಾರ ಸೋಮಶೇಖರ್ ಮೇಷ್ಟ್ರು ಓಡಿಬರುತ್ತಾರೆ. ‘ಮೆಲ್ಲಗೆ ಇಳಿಸಮ್ಮ. ಪ್ಯಾಚ್ ಮಾಡಿದ ಬಿಲ್ಲು ಇದು, ಬಿಟ್ಕೊಂಡ್ರೆ ಮುಖಕ್ಕೇ ಬರುತ್ತೆ. ನನ್ನ ಬಿಲ್ಲು ತಗೋ.’

ಮಧುಶ್ರೀ ಹಗ್ಗದಾಚೆ ನಿಂತ ಅತ್ತೆಯನ್ನು ನೋಡುತ್ತಾಳೆ. ಮಲ್ಲಾಜಮ್ಮ ಒಳಗೆ ಬರುತ್ತಾರೆ.

‘ನೀವ್ ಏಳೋದು ಸರಿ ಮೇಷ್ಟ್ರೆ. ಒಳಗೆ ಬಿಟ್ಕಂಡಿದ್ರೆ ನಾನೇ ನಿಮ್ ಬಿಲ್ಲು ಈಸ್ಕೊಡ್ತೀನಿ. ನನ್ ಮಾತಿಗಿಂತ ಮಗೀನ ಕಣ್ಣು ದೊಡ್ದು. ಒಸಿ ನೋಡಾನ ತಡೀರಿ.’

ಬಿಲ್ಲನ್ನು ಕಿವಿಗೆ ಹಿಡಿದು ಉದ್ದಕ್ಕೂ ಉಗುರಿನಿಂದ ತಟ್ಟುತ್ತಾರೆ. ಅಂಟು ಬಿಟ್ಟ ಕಡೆ ಸದ್ದು ಒಡಕು ಮಡಕೆಯಂತೆ ಬರಬೇಕು. ಎಲ್ಲಿಯೂ ಬರುವುದಿಲ್ಲ. ಓರೆಜೋಡಣೆಯ ದಾರದ ಮೇಲೆ ಹೆಬ್ಬೆರಳು ಆಡಿಸಿದಾಗ ಒಣಗಿದ ವಾರ್ನಿಶ್‌ನ ಚಕ್ಕೆಯೊಂದು ಕಿತ್ತು ಬರುತ್ತದೆ. ‘ಟಿಕ್’ ಸದ್ದು ಅದರದೇ. ಅದನ್ನು ಮೇಷ್ಟ್ರ ಅಂಗೈಗೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆದೆಯನ್ನು ಕೆನ್ನೆಯವರೆಗೆ ಎಳೆದು ಹಿಡಿಯುತ್ತಾರೆ. ಸಾಲಿನ ಮಕ್ಕಳೆಲ್ಲ ತಮ್ಮ ಬಿಲ್ಲು ಇಳಿಸಿ ನೋಡುತ್ತಾರೆ. ಬಿಲ್ಲು ಸದ್ದು ಮಾಡುವುದಿಲ್ಲ. ಹಾಗೇ ಇಳಿಸಿ ಮತ್ತೆ ಎಳೆಯುತ್ತಾರೆ, ಮತ್ತೊಮ್ಮೆ.

‘ಕಟ್ದೋರೇ ಮೊದ್ಲು ಎಳೀಬೇಕು ಮೇಷ್ಟ್ರೆ. ಮುರುದ್ರೆ ನಮ್ ಮಕಕ್ಕೇ ಒಡೀಲಿ.’

ಮೇಷ್ಟ್ರು ತಾವೂ ಒಮ್ಮೆ ಎಳೆದು ನೋಡಿ, ಬಿಲ್ಲನ್ನು ಮಧುಶ್ರೀ ಕೈಗೆ ಕೊಡುತ್ತಾರೆ. ‘ಹೂಂ, ಬಿಡು.’

ಮೂರನೆಯ ಬಾಣ ಹಳದಿಯ ನಡುವಿಗೆ ಹೋಗಿ ಕೂರುತ್ತದೆ. ಹಗ್ಗದಾಚೆ ರಂಗರಾಜು ಹಾಕಿದ ಶಿಳ್ಳೆಗೆ ಮೇಷ್ಟ್ರು ಗದರುತ್ತಾರೆ. ಅವರ ಮುಖದಲ್ಲೂ ನಗೆಯಿದೆ.

ಶಿಬಿರಕ್ಕೆ ಆಯ್ಕೆಯಾದವರ ಪಟ್ಟಿ ಈ ಬರಹ ಅಚ್ಚಿಗೆ ಹೋಗುವವರೆಗೂ ಬಂದಿಲ್ಲ. ಮುಂದೇನು ಆಸೆ ಎಂದರೆ ಮಲ್ಲಾಜಮ್ಮ ಫೈಬರ್ ಪುಡಿಯ ನವೆಗೆ ಕತ್ತು ತುರಿಸಿಕೊಳ್ಳುತ್ತ, ‘ಒಳ್ಳೆ ಬಿದಿರು ಸಿಕ್ರೆ ಸಾಕು ಕಣಿ’ ಎನ್ನುತ್ತಾರೆ.

ಭಾನುವಾರ ಮಧುಶ್ರೀ ಕೊನೆಯ ಬಾಣದವರೆಗೂ ಅತ್ತೆ ಕಟ್ಟಿದ ಬಿಲ್ಲಿನಲ್ಲೇ ಬಿಟ್ಟಳು. ಎರವಲು ಪಡೆಯಲಿಲ್ಲ. ಮಲ್ಲಾಜಮ್ಮ ಕೊಟ್ಟ ಮಾತು ನಡೆಯಿತು.